ಎಡಗಡೆಗೊಂದು ಮಾನಿಟರ್

"ಒಂದಲ್ಲ ಒಂದು ದಿನ ಹಡಗಲಿ ಬಸ್‌ಸ್ಟ್ಯಾಂಡಿನಿಂದ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ತನಕ ನಾನ ಬಸ್ ಓಡಿಸ್ತೀನಿ. ನೀನು ಎಡಗಡಿ ಮೊದಲ್ನೇ ಕಿಟಕಿ ಸೀಟಿನಾಗ ಕುಂತಿರಬೇಕು. ಮಾತಂದ್ರ ಮಾತು."

ಕೊಟ್ರಸ್ವಾಮಿ ಹೀಗೆ ಹೇಳಿದ್ದು ಹದಿಮೂರು ವರ್ಷದ ಹಿಂದೆ, ಕೊಟ್ಟೂರಿನಿಂದ ಹಡಗಲಿಗೆ ಹೋಗುವ ಸಂಜೆಯ ಬಸ್ಸಿನಲ್ಲಿ. ಆಗ ಅವನಿಗೆ ಇಪ್ಪತ್ತು, ಗಂಗಾಂಬಿಕಾಗೆ ಹತ್ತೊಂಬತ್ತು. ಇಬ್ಬರೂ ಹಡಗಲಿಯವರು, ಕೊಟ್ಟೂರಿನ ಕಾಲೇಜಿಗೆ ದಿನಾ ಹೋಗಿ ಬರುವವರು. ಬಸ್ಸು ಬಂದು ನಿಲ್ಲುವ ಮೊದಲೇ ಅವನು ಓಡಿಹೋಗಿ, ತನ್ನ ಹಳದಿ ಚೌಕಳಿಯ ಕರ್ಚೀಪನ್ನು ಕಿಟಕಿಯೊಳಗೆ ಎಸೆದು ಅವಳಿಗೆ ಸೀಟು ಹಿಡಿಯುತ್ತಿದ್ದ. ಎಡಗಡೆಯ ಮೊದಲನೇ ಸೀಟು, ಬಾಗಿಲಿನ ಮಗ್ಗುಲಿನ ಕಿಟಕಿ. ಕರ್ಚೀಪು ಬಿದ್ದ ಸೀಟಿಗೆ ಯಾರೂ ಕೂರುವ ಹಾಗಿಲ್ಲ. ಅದು ಈ ಸೀಮೆಯ ಎಲ್ಲ ಬಸ್ಸುಗಳ ಕಾನೂನು.

ಆ ಸಂಜೆ ಗಂಗಾಂಬಿಕಾ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದ್ದಳು: "ನಿನ್ನ ಬಸ್ಸಿಗಿ ಟಿಕೆಟ್ ತಗೀಬೇಕೇನು?"

"ನಿನಗ ಪಾಸು."

"ಎಷ್ಟು ದಿನದ ಪಾಸು?"

ಅವನು ಉತ್ತರ ಕೊಡಲಿಲ್ಲ. ಹೊರಗೆ ಜೋಳದ ಹೊಲದ ಮೇಲೆ ಬಿಸಿಲು ಇಳಿಯುತ್ತಿತ್ತು. ಅವನ ಕಿವಿ ಕೆಂಪಾಗಿದ್ದು ಬಿಸಿಲಿಗೋ ಬೇರೆ ಯಾವುದಕ್ಕೋ ಎಂದು ಅವಳು ಮನೆ ಮುಟ್ಟುವವರೆಗೂ ಯೋಚಿಸಿದಳು.

ಪರೀಕ್ಷೆ ಮುಗಿಯಿತು. ರಿಸಲ್ಟ್ ದಿನ ಅವನು ಬಸ್ಸಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಅವರ ಮನೆಗೆ ಬೀಗ ಬಿದ್ದಿತ್ತು. ಹುಬ್ಬಳ್ಳಿ ಕಡೆ ಹೋದರು ಅಂದರು, ರಾಯಚೂರು ಅಂದರು. ಅವಳ ಪರ್ಸಿನಲ್ಲಿ ಹಳದಿ ಚೌಕಳಿಯ ಕರ್ಚೀಪೊಂದು ಉಳಿಯಿತು.

*

ಈಗ ಹಗರಿಬೊಮ್ಮನಹಳ್ಳಿ ಬಸ್‌ಸ್ಟ್ಯಾಂಡಿನ ಎದುರಿಗೆ 'ಗಂಗಾ ಕಂಪ್ಯೂಟರ್ಸ್' ಎಂಬ ಬೋರ್ಡು ಇದೆ. ಗೊಬ್ಬರದ ಅಂಗಡಿಗೆ ಬಿಲ್ಲಿಂಗ್ ಮಷಿನ್ನು, ಝೆರಾಕ್ಸಿನವರಿಗೆ ಪ್ರಿಂಟರು, ಕಾಲೇಜು ಹುಡುಗರಿಗೆ ಗೇಮಿಂಗ್ ಸಾಮಾನು, ಎಲ್ಲ ಅಲ್ಲೇ. ಗಂಗಾಂಬಿಕಾ ದಿನವೂ ಹಡಗಲಿಯಿಂದ ಬಂದು ಅಂಗಡಿಯ ಷಟರ್ ಎತ್ತುತ್ತಾಳೆ. ಅಪ್ಪ ಶಿವಯೋಗಪ್ಪ ಮಲ್ಲಿಗೆ ಹೂವಿನ ವ್ಯಾಪಾರಿ. ಮೂರು ಗಂಡು ಬಂದು ಹೋದವು. ಒಬ್ಬನಿಗೆ ಅವಳು ಅಂಗಡಿ ಬಿಡಬೇಕಿತ್ತು, ಇನ್ನೊಬ್ಬನಿಗೆ ಹಡಗಲಿ ಬಿಡಬೇಕಿತ್ತು, ಮೂರನೆಯವನಿಗೆ ಏನೂ ಬೇಡವಾಗಿತ್ತು, ಆದರೂ ಅವಳು ಒಲ್ಲೆ ಅಂದಳು. ಆಮೇಲೆ ಮನೆಯಲ್ಲಿ ಕಾರಣ ಕೇಳುವುದನ್ನು ಬಿಟ್ಟರು.

ದಸರಾ ಮುಗಿದ ಮೇಲೆ ಒಂದು ಬೆಳಿಗ್ಗೆ ಬಸ್‌ಸ್ಟ್ಯಾಂಡಿನ ಮೈಕಿನ ದನಿ ಬದಲಾಯಿತು.

"ಪ್ರಯಾಣಿಕರ ಗಮನಕ್ಕೆ. ಹೂವಿನ... ಹಡಗಲಿಗೆ ಹೋಗುವ ಬಸ್ಸು ಎರಡನೇ ಅಂಕಣದಲ್ಲಿದೆ."

ಅವಳ ಕೈಯಲ್ಲಿದ್ದ ಸ್ಕ್ರೂಡ್ರೈವರ್ ನಿಂತಿತು. 'ಹೂವಿನ' ಎಂದು ಹೇಳಿ, ಬಗ್ಗಿ ಒಂದು ಹೂವು ಎತ್ತಿಕೊಂಡವರ ಹಾಗೆ ಕೊಂಚ ತಡೆದು, ಆಮೇಲೆ 'ಹಡಗಲಿ' ಅನ್ನುವವನು ಲೋಕದಲ್ಲಿ ಒಬ್ಬನೇ.

ಕಂಟ್ರೋಲರ್ ಕೋಣೆಗೆ ಹೊಸಬ ಬಂದಿದ್ದಾನೆ ಎಂದು ಚಹಾದಂಗಡಿಯ ಹುಲುಗಣ್ಣ ಹೇಳಿದ. ಎರಡು ವಾರ ಅವಳು ಆ ದನಿಯನ್ನು ಕೇಳುತ್ತಲೇ ಕೆಲಸ ಮಾಡಿದಳು. ಗಂಟೆಗೊಮ್ಮೆ ಆ ದನಿ ಅವಳ ಊರಿನ ಹೆಸರು ಕೂಗುತ್ತಿತ್ತು. ತನ್ನನ್ನೇ ಕೂಗಿದ ಹಾಗೆ ಅವಳ ಎದೆ ಪ್ರತಿ ಸಲ 'ಆಂ?' ಅನ್ನುತ್ತಿತ್ತು.

ಮೂರನೇ ವಾರ ಧೈರ್ಯ ಬಂತು. ಹರಪನಹಳ್ಳಿಗೆ ಒಂದು ಪಾರ್ಸಲ್ ಕಳಿಸುವ ನೆಪ. ಕಂಡಕ್ಟರ್ ಕೈಗೆ ಪಾರ್ಸಲ್ ಕೊಟ್ಟು ತಿರುಗಿದರೆ, ವೇಳಾಪಟ್ಟಿಯ ಬೋರ್ಡಿನ ಕೆಳಗೆ ಅವನೇ ನಿಂತು ರಿಜಿಸ್ಟರಿನಲ್ಲಿ ಏನೋ ಬರೆಯುತ್ತಿದ್ದ. ಕೂದಲು ತುಸು ತೆಳ್ಳಗಾಗಿದೆ, ಹೆಗಲು ಅಗಲವಾಗಿದೆ. ಕತ್ತು ಬಾಗಿಸಿ ಬರೆಯುವ ರೀತಿ ಮಾತ್ರ ಕಾಲೇಜಿನದೇ. ಅವಳು ಅವನ ಎಡ ಮಗ್ಗುಲಿಗೆ, ಬಳೆಯ ಸದ್ದು ಕೇಳಿಸುವಷ್ಟು ಹತ್ತಿರ ಹಾದು ಹೋದಳು. ಬೇಕೆಂದೇ ನಿಧಾನವಾಗಿ.

ಅವನು ಕಣ್ಣೆತ್ತಲಿಲ್ಲ.

ಅಂಗಡಿಗೆ ಬಂದು ಅವಳು ಒಂದು ಲೋಟ ನೀರು ಕುಡಿದಳು. "ಮರ್ತಾನ," ಎಂದು ಖಾಲಿ ಲೋಟಕ್ಕೆ ಹೇಳಿದಳು.

*

ನಾಲ್ಕು ದಿನದ ನಂತರ ಗಾಜಿನ ಬಾಗಿಲು ನೂಕಿಕೊಂಡು ಅವನೇ ಒಳಗೆ ಬಂದ.

"ಮಾನಿಟರ್ ನೋಡಬೇಕಿತ್ರಿ."

"ಆಫೀಸ್ ಕೆಲಸಕ್ಕೇನ್ರಿ?" ಅವಳು ತಲೆ ಎತ್ತಲಿಲ್ಲ.

"ಅಲ್ರಿ. ಗೇಮಿಗಿ."

"ಗುಂಡು ಹೊಡಿಯೂದೇನ್ರಿ?"

"ಬಸ್ ಓಡಿಸೂದ್ರಿ."

ಆಗ ಅವಳು ತಲೆ ಎತ್ತಿದಳು. ಅವನು ಪೂರ್ತಿ ಮುಖ ತಿರುಗಿಸಿ ನೇರವಾಗಿ ನೋಡುತ್ತಿದ್ದ. ಎಡಗಣ್ಣಿನ ಹುಬ್ಬಿನ ಮೇಲೆ ಸಣ್ಣ ಗಾಯದ ಗೆರೆಯೊಂದಿತ್ತು. ಅದು ಅವಳಿಗೆ ಹೊಸದು.

"ನೀವು ಗಂಗಾಂಬಿಕಾ ಅಲ್ರಿ?"

"ಬೋರ್ಡಿನ ಮ್ಯಾಲೆ ಬರ್ದೈತಲ್ರಿ."

"ಬೋರ್ಡಿನ ಮ್ಯಾಲೆ ಗಂಗಾ ಅಂತ ಅಷ್ಟ ಐತಿ."

ಅವಳಿಗೆ ನಗು ಬಂತು. ನಗಬಾರದೆಂದು ಕೆಳತುಟಿ ಕಚ್ಚಿ, ಶೋಕೇಸಿನ ಕಡೆ ಕೈ ತೋರಿದಳು. "ಎರಡು ದಾರಿ ಅದಾವ್ರಿ. ಒಂದ ದೊಡ್ಡ ಮಾನಿಟರ್, ಮೂವತ್ನಾಲ್ಕು ಇಂಚಿಂದು, ಕಮಾನಿನಂಗ ಬಾಗಿರತೈತಿ. ನಡುವ ಗೆರಿ ಇಲ್ಲ, ಬಿರುಕಿಲ್ಲ. ರಸ್ತಿ ಹೊಳಿ ಹರದಂಗ ಕಾಣತೈತಿ. ಇಲ್ಲಾಂದ್ರ ಇಪ್ಪತ್ನಾಲ್ಕರವು ಮೂರು, ಸಾಲಾಗಿ. ನಡುವ ಎರಡು ಕರೇ ಪಟ್ಟಿ ಬರ್ತಾವ ಅಂತ ಕೆಲವ್ರು ಒಲ್ಲೆ ಅಂತಾರ."

"ಬಸ್ಸಿಗಿ ಅದೇನು ತೊಂದ್ರಿ ಅಲ್ರಿ. ಮುಂದಿನ ಗಾಜಿನ ಕಂಬ ಅನ್ಕೊಂಡ್ರಾತು."

"ಹೌದ್ರಿ. ಮುಂದ ರಸ್ತಿ, ಬಲಕ್ಕ ಡ್ರೈವರ್ ಕಿಟಕಿ." ಅವಳು ಒಂದು ಉಸಿರು ತಡೆದಳು. "ಎಡಕ್ಕ, ಎಡಗಡಿ ಕಿಟಕಿ."

ಹೇಳಿ ಅವನ ಮುಖವನ್ನೇ ನೋಡಿದಳು. ಅವನು ಹುಬ್ಬಿನ ಗೆರೆಯನ್ನು ಹೆಬ್ಬೆರಳಿನಿಂದ ಸವರಿಕೊಂಡ.

"ವಿಚಾರ ಮಾಡಿ ಹೇಳ್ತೀನ್ರಿ," ಅಂದ. ಬಾಗಿಲ ಬಳಿ ನಿಂತು ಮತ್ತೆ ತಿರುಗಿದ. "ನಾಳೆ ಬರ್ತೀನಿ. ವಿಚಾರ ಮಾಡಾಕ."

ಆ ಸಂಜೆ ಗಂಗಾಂಬಿಕಾ ತನ್ನೊಳಗೇ ಒಂದು ಪಂದ್ಯ ಕಟ್ಟಿದಳು. ಮೂರು ಅಂದರೆ ಅವನಿಗೆ ಎಡಗಡೆಯ ಕಿಟಕಿ ನೆನಪಿದೆ. ಒಂದು ಅಂದರೆ ಇಲ್ಲ. ಇಲ್ಲ ಅಂದರೆ ಪರ್ಸಿನಲ್ಲಿರುವ ಕರ್ಚೀಪನ್ನು ಕೀಬೋರ್ಡ್ ಒರೆಸಲು ಇಟ್ಟುಕೊಳ್ಳುವುದು, ಮುಂದೆ ಬರುವ ನಾಲ್ಕನೇ ಗಂಡಿಗೆ ಹೂಂ ಅನ್ನುವುದು.

*

ಅವನು ಮರುದಿನ ಬಂದ. ಅದರ ಮರುದಿನವೂ ಬಂದ. ನಾಲ್ಕು ಗಂಟೆಯ ಕೊಟ್ಟೂರು ಬಸ್ಸು ಬಿಟ್ಟ ಮೇಲೆ ಕೈಯಲ್ಲಿ ಬಿಸಿ ಮಿರ್ಚಿಯ ಪೊಟ್ಟಣ ಹಿಡಿದು ಬರುತ್ತಿದ್ದ. ಬಂದವನು ಸ್ಟೂಲನ್ನು ಎಳೆದುಕೊಂಡು ಹೋಗಿ ಕೌಂಟರಿನ ಎಡತುದಿಗೇ ಹಾಕಿಕೊಳ್ಳುತ್ತಿದ್ದ. ಅಲ್ಲಿ ಕೂತರೆ ಅವಳು ಅವನ ಬಲಕ್ಕೆ ಬರುತ್ತಿದ್ದಳು. ಬಸ್‌ಸ್ಟ್ಯಾಂಡಿನ ಮೇಲೆ ಕಣ್ಣಿಡಲು ಆ ಮೂಲೆ ಹಿಡಿಯುತ್ತಾನೆ ಎಂದು ಅವಳು ತಿಳಿದುಕೊಂಡಳು.

"ನಿಮ್ಮ ಗ್ರಾಫಿಕ್ಸ್ ಕಾರ್ಡಿಗೆ ಎಷ್ಟು ಕೇಬಲ್ ಹಾಕಾಕ ಜಾಗ ಐತ್ರಿ?"

"ನಾಲ್ಕು."

"ಮತ್ತ ಮೂರು ಆರಾಮ್ ಹಿಡೀತಾವ. ಟೇಬಲ್?"

"ನಮ್ಮವ್ವ ಅದರ ಮ್ಯಾಲೆ ಹಪ್ಪಳ ಒಣಗಿಸ್ತಾಳ. ಅಷ್ಟು ದೊಡ್ಡದೈತಿ."

"ಮನಿಯಾಗ ಯಾರ್ಯಾರು ಅದಾರ?" ಪ್ರಶ್ನೆ ಕೇಳಿ ಅವಳು ಬಿಲ್‌ಬುಕ್ಕಿನ ಹಾಳೆ ತಿರುವಿದಳು, ಅದೂ ಟೇಬಲ್ಲಿನ ಅಳತೆಯಷ್ಟೇ ಮಾಮೂಲಿ ಪ್ರಶ್ನೆ ಅನ್ನುವಂತೆ.

"ಅವ್ವ. ನಾನು. ಒಂದು ಸ್ಟೇರಿಂಗು."

"ಸ್ಟೇರಿಂಗ್ ಮಾತಾಡತೈತೇನು?"

"ಅವ್ವನಷ್ಟು ಮಾತಾಡೂದಿಲ್ಲ."

ಹಾಳೆ ತಿರುವುತ್ತಿದ್ದ ಅವಳ ಬೆರಳು ನಿಂತಿತು. ಅವನು ಅದನ್ನು ನೋಡಿದ. ತಾನು ನೋಡಿದ್ದನ್ನು ಅವಳು ನೋಡಿದಳು ಎಂದು ತಿಳಿದು ಮಿರ್ಚಿಯ ಪೊಟ್ಟಣವನ್ನು ಅವಳ ಕಡೆ ಸರಿಸಿದ. ಖಾರ ಇತ್ತು. ಇಬ್ಬರ ಕಣ್ಣಲ್ಲೂ ನೀರು ಬಂತು. ಇಬ್ಬರೂ ಮಿರ್ಚಿಯ ಮೇಲೆ ಆರೋಪ ಹೊರಿಸಿದರು.

ಒಂದು ದಿನ ಹುಲುಗಣ್ಣ ಚಹಾ ತಂದು ಅವನ ಎಡಗೈ ಬಳಿ ಇಟ್ಟು ಹೋದ. ಅವನು ರಸ್ತೆಯ ತಿರುವೊಂದನ್ನು ವರ್ಣಿಸುತ್ತ ಕೈ ಬೀಸಿದ. ಲೋಟ ಉರುಳಿ ಚಹಾ ಬಿಲ್‌ಬುಕ್ಕಿನ ಮೇಲೆ ಹರಿಯಿತು.

"ಕೈ ಹಂಗ ಬೀಸ್ತೀಯಲ್ಲ, ನನ್ನ ಕೌಂಟರನ್ನೂ ಸ್ಟೇರಿಂಗ್ ಅನ್ಕೊಂಡೀ ಏನು?"

ಅಂದ ಮೇಲೆ ಅವಳಿಗೆ ತಿಳಿಯಿತು, 'ರಿ' ಬಿದ್ದುಹೋಗಿತ್ತು. ಅವನು ಒದ್ದೆ ತೋಳು ಕೊಡವಿಕೊಳ್ಳುವುದನ್ನೂ ಮರೆತು ನಗುತ್ತಿದ್ದ. ಹದಿಮೂರು ವರ್ಷದಲ್ಲಿ ಯಾರೂ ತನ್ನನ್ನು ಇಷ್ಟು ಚೆಂದ ಬೈದಿಲ್ಲ ಅನ್ನುವ ಹಾಗಿತ್ತು ಆ ನಗು.

"ಗಂಗಾ," ಅಂದ, "ಯಾವ ರಸ್ತಿ ಅಂತ ಕೇಳಲೇ ಇಲ್ಲ ನೀನು."

"ಯಾವ ರಸ್ತಿ?"

"ಆ ಗೇಮಿನಾಗ ನಮಗ ಬೇಕಾದ ರಸ್ತಿ ನಾವ ಕಟ್ಟಬಹುದು. ನಾಲ್ಕು ವರ್ಷದಿಂದ ಕಟ್ಟಾಕತ್ತೀನಿ. ಹಡಗಲಿಯಿಂದ ಹೊಂಟು, ಈ ಊರು ದಾಟಿ, ಕೊಟ್ಟೂರು ಮುಟ್ಟಿ, ಅಲ್ಲಿಂದ ಕೂಡ್ಲಿಗಿ. ರಜಾ ಸಿಕ್ಕಾಗೆಲ್ಲ ಬಸ್ಸಿನಾಗ ಕುಂತು ಫೋಟೋ ಹೊಡ್ಕೊಂಡು ಬರ್ತೀನಿ. ಯಾವ ಹೊಲದ ಬದುವಿನಾಗ ಎಷ್ಟು ಬೇವಿನ ಗಿಡ ಅದಾವು, ಎಲ್ಲಿ ರಸ್ತಿ ತಗ್ಗು ಬಿದ್ದೈತಿ, ಎಲ್ಲಾ ಹಾಕೀನಿ."

"ತಗ್ಗೂ ಹಾಕೀಯ?"

"ತಗ್ಗು ಇಲ್ಲಂದ್ರ ನಮ್ಮ ರಸ್ತಿ ಅಂತ ಗೊತ್ತಾಗೂದು ಹ್ಯಾಂಗ?"

ಆ ಸಂಜೆ ಬಸ್ಸಿನಲ್ಲಿ ಅವಳಿಗೆ ಒಂದೊಂದು ತಗ್ಗೂ ತೊಟ್ಟಿಲಿನ ಹಾಗೆ ತೂಗಿತು. ಗೆದ್ದೆ ಅಂದುಕೊಂಡಳು. ಹಡಗಲಿ ಹತ್ತಿರವಾದಂತೆ ಕಿಟಕಿಯಿಂದ ಬಂದ ಮಲ್ಲಿಗೆ ತೋಟದ ಗಾಳಿ ಅವಳ ಸೆರಗಿನೊಳಗೆಲ್ಲ ತುಂಬಿಕೊಂಡಿತು.

ಶುಕ್ರವಾರ ಅವನು ಮಿರ್ಚಿ ತರಲಿಲ್ಲ. ಸ್ಟೂಲಿನ ಮೇಲೂ ಕೂರಲಿಲ್ಲ.

"ಒಂದ ದೊಡ್ಡ ಮಾನಿಟರ್ ಕೊಟ್ಟುಬಿಡ್ರಿ."

'ರಿ' ವಾಪಸು ಬಂದಿತ್ತು.

"ಮೂರು ಹಚ್ಚಿದ್ರ ಚೊಲೊ ಇರತಿತ್ತು," ಅಂದಳು. ದನಿ ಅಂಗಡಿಯವಳದೇ ಇರಲಿ ಎಂದು ಎಷ್ಟು ಬಿಗಿ ಹಿಡಿದರೂ ಕೊನೆಯಲ್ಲಿ ಜಾರಿತು. "ಬಸ್ಸಂದ ಮ್ಯಾಲೆ ಎಡಗಡಿ ಬ್ಯಾಡೇನು?"

ಅವನು ನೆಲ ನೋಡಿದ. "ಎಡಗಡಿಯಿಂದ ನನಗೇನೂ ಉಪಯೋಗಿಲ್ಲ."

ಅವಳು ಬಿಲ್ಲು ಬರೆದಳು. ಭಾನುವಾರ ಮನೆಗೆ ಬಂದು ಹಚ್ಚಿಕೊಡುತ್ತೇನೆ, ಅದು ಅಂಗಡಿಯ ರೂಢಿ, ಎಂದಳು. ಅವನು ಹೋದ ಮೇಲೆ ಮೈಕಿನಲ್ಲಿ 'ಹೂವಿನ... ಹಡಗಲಿ' ಎಂದು ಕೇಳಿಸಿತು. ಅವಳು ಎದ್ದು ಗಾಜಿನ ಬಾಗಿಲನ್ನು ಮುಚ್ಚಿದಳು.

*

ಭಾನುವಾರ ಆಟೋದಲ್ಲಿ ದೊಡ್ಡ ಡಬ್ಬಿಯ ಜೊತೆಗೆ ಅವಳು ಶೋಕೇಸಿನ ಮೂರು ಇಪ್ಪತ್ನಾಲ್ಕು ಇಂಚಿನ ಮಾನಿಟರುಗಳನ್ನೂ ಹೇರಿಕೊಂಡಳು. ಸೋಲುವುದಿದ್ದರೆ ಕಣ್ಣಾರೆ ನೋಡಿ ಸೋಲಬೇಕು. ಒಂದು ಸಲ ಮೂರನ್ನೂ ಹಚ್ಚಿ ತೋರಿಸುವುದು. ಆಗಲೂ ಬೇಡ ಅಂದರೆ, ಆಯಿತು.

ಬಾಗಿಲು ತೆಗೆದವರು ಅವನ ತಾಯಿ ದಾಕ್ಷಾಯಣಮ್ಮ. ಅವಳ ಮುಖವನ್ನು ಒಂದು ಕ್ಷಣ ನೋಡಿ, ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟರು. "ಹಡಗಲಿ ಹೂವಿನ ಶಿವಯೋಗಪ್ಪನ ಮಗಳಲ್ಲ ನೀನು? ಬಾರವ್ವ, ಒಳಗ ಬಾ. ಆಂವ ಡ್ಯೂಟಿಗಿ ಹೋಗ್ಯಾನ, ಒಂದು ಗಂಟೇಕ್ಕ ಬರ್ತಾನ. ಆ ಟೇಬಲ್ ಮ್ಯಾಲಿನ ಹಪ್ಪಳ ತಗದೀನಿ."

ನಡುಮನೆಯ ಮೂಲೆಯಲ್ಲಿ ಟೇಬಲ್ಲು. ಅದಕ್ಕೆ ಸ್ಟೇರಿಂಗ್ ಬಿಗಿದಿತ್ತು, ಕಾಲ ಬಳಿ ಪೆಡಲ್ಲು, ಒಂದು ಹಳೆಯ ಪುಟ್ಟ ಮಾನಿಟರು. ಗಂಗಾಂಬಿಕಾ ಹಳೆಯದನ್ನು ಕಳಚಿ ಮೂರನ್ನೂ ಸಾಲಾಗಿ ಇಟ್ಟಳು. ಎಡಬಲದವನ್ನು ರೆಕ್ಕೆಯ ಹಾಗೆ ಒಳಕ್ಕೆ ಬಾಗಿಸಿದಳು. ಕೇಬಲ್ ಸಿಕ್ಕಿಸಿದಳು. ಸೆಟ್ಟಿಂಗ್ ಸರಿಮಾಡಿ ಗೇಮ್ ತೆರೆದಳು.

ನಡುವಿನ ಪರದೆಯಲ್ಲಿ ಹಡಗಲಿ ಬಸ್‌ಸ್ಟ್ಯಾಂಡು ಬೆಳಗಿತು. ಸಂಜೆಯ ಬಿಸಿಲು ಹಾಕಿದ್ದ. ಕಾಲೇಜಿನಿಂದ ಮನೆಗೆ ಮುಟ್ಟುವ ಹೊತ್ತಿನ ಬಿಸಿಲು, ಧೂಳಿನ ಕಣ ಕೂಡ ಬಂಗಾರವಾಗುವಂಥದ್ದು. ಹಣ್ಣಿನ ಗಾಡಿ ಇತ್ತು. ಹೂವಿನ ಬುಟ್ಟಿಗಳ ಸಾಲಿತ್ತು. ಅವಳ ಅಪ್ಪ ದಿನಾ ನಿಲ್ಲುತ್ತಿದ್ದ ಕಂಬವೂ ಇತ್ತು.

ಆಮೇಲೆ ಅವಳು ಎಡಗಡೆಯ ಪರದೆಯನ್ನು ನೋಡಿದಳು.

ಅಲ್ಲಿ ಬಸ್ಸಿನ ಒಳಗು ಕಾಣುತ್ತಿತ್ತು. ಮುಂದಿನ ಬಾಗಿಲು, ಅದರ ಮಗ್ಗುಲಿಗೆ ಮೊದಲನೇ ಸೀಟು, ಸೀಟಿನ ಕಿಟಕಿ. ಗೇಮಿನ ಪ್ರಯಾಣಿಕರು ಒಬ್ಬೊಬ್ಬರೇ ಹತ್ತುತ್ತಿದ್ದರು. ಒಬ್ಬ ಮುದುಕ ಹತ್ತಿ ಹಿಂದಕ್ಕೆ ಹೋದ. ಇಬ್ಬರು ಹೆಂಗಸರು ಹತ್ತಿ ಹಿಂದಕ್ಕೆ ಹೋದರು. ಸೀಟುಗಳೆಲ್ಲ ತುಂಬಿದವು, ಕೆಲವರು ನಿಂತರು. ಮೊದಲನೇ ಸೀಟಿಗೆ ಮಾತ್ರ ಯಾರೂ ಕೂರಲಿಲ್ಲ.

ಆ ಸೀಟಿನ ಮೇಲೆ ಹಳದಿ ಚೌಕಳಿಯ ಒಂದು ಕರ್ಚೀಪು ಬಿದ್ದಿತ್ತು.

ಅವಳು ಪರ್ಸಿನಿಂದ ತನ್ನದನ್ನು ತೆಗೆದು ಪರದೆಯ ಪಕ್ಕಕ್ಕೆ ಹಿಡಿದಳು. ಮಾಸಿದ ಅಂಚಿನ ಹೊಲಿಗೆಯೂ ಹಾಗೇ. ನೆನಪಿನಿಂದ ಬರೆದಿದ್ದಾನೆ. ದಾರ ಎಣಿಸಿಟ್ಟುಕೊಂಡವನ ಹಾಗೆ ಬರೆದಿದ್ದಾನೆ.

*

"ಯಾಕ ಮೂರು ಹಚ್ಚೀರಿ?"

ಕೊಟ್ರಸ್ವಾಮಿ ಹೊಸ್ತಿಲಲ್ಲೇ ನಿಂತಿದ್ದ. ಖಾಕಿ ಅಂಗಿಯ ಮೇಲಿನ ಗುಂಡಿ ಬಿಚ್ಚಿತ್ತು, ಹಣೆಯ ಮೇಲೆ ಬೆವರು. ಮೂರು ಪರದೆಗಳ ಸಂಜೆಬಿಸಿಲು ಅವನ ಮುಖದ ಮೇಲೆ ಬಿದ್ದಿತ್ತು.

"ಬಾ, ಕುಂದ್ರು. ಓಡ್ಸು. ನಾನೂ ನೋಡ್ತೀನಿ," ಅಂದಳು.

ಅವನು ಬಂದು ಕೂತ. ಅವಳು ಸ್ಟೂಲು ಎಳೆದು ಅವನ ಎಡಕ್ಕೆ ಕೂತಳು. ಅವನ ಭುಜ ಬಿಗಿಯಾದದ್ದು ಅವಳಿಗೆ ಕಂಡಿತು. ಬಸ್ಸು ಹೊರಟಿತು. ಬಸ್‌ಸ್ಟ್ಯಾಂಡಿನಿಂದ ತಿರುಗುವಾಗ ಎಡಗಡೆಯ ಪರದೆಯಲ್ಲಿ ಹಣ್ಣಿನ ಗಾಡಿ ದೊಡ್ಡದಾಗುತ್ತ ಬಂತು, ಇನ್ನೂ ದೊಡ್ಡದಾಯಿತು.

"ಗಾಡಿ ಐತಿ," ಅಂದಳು.

ಅವನು ತಿರುಗಿಸುತ್ತಲೇ ಇದ್ದ. ಬಸ್ಸಿನ ಮೂಲೆ ಗಾಡಿಗೆ ತಗುಲಿತು. ಪರದೆಯ ತುಂಬ ಬಾಳೆಹಣ್ಣು ಹಾರಿದವು.

ನಾಲ್ಕು ವರ್ಷ ಕೂತು ಇಟ್ಟಿಗೆ ಇಟ್ಟಿಗೆ ಕಟ್ಟಿದವನಿಗೆ ಆ ಗಾಡಿ ಎಲ್ಲಿದೆ ಎಂದು ಗೊತ್ತಿರಲಿಲ್ಲವೆ? ಅವಳು ಕೈಯಲ್ಲಿದ್ದ ಕರ್ಚೀಪನ್ನು ಮೆಲ್ಲಗೆ ಎತ್ತಿ ಅವನ ಎಡ ಕೆನ್ನೆಯ ಹತ್ತಿರ ಹಿಡಿದಳು. ಒಂದು ಗೇಣು ದೂರ. ಅವನು ಮುಂದೆ ನೋಡುತ್ತಲೇ ಇದ್ದ. ಇನ್ನೂ ಹತ್ತಿರ ತಂದಳು. ಅವನ ರೆಪ್ಪೆ ಅಲುಗಲಿಲ್ಲ.

ಬೋರ್ಡಿನ ಕೆಳಗೆ ಕಣ್ಣೆತ್ತದೆ ನಿಂತಿದ್ದು. ಕೌಂಟರಿನ ಎಡತುದಿಯ ಸ್ಟೂಲು. ಉರುಳಿದ ಚಹಾ. ಒಂದೊಂದಾಗಿ ಬಂದು ಅವಳ ಎದುರು ಸಾಲಾಗಿ ನಿಂತವು.

"ಲೇ ಕೊಟ್ರಾ," ಅಂದಳು. "ಎಂದಿನಿಂದ?"

ಅವನು ಪೂರ್ತಿ ಮುಖ ತಿರುಗಿಸಿದ. ಕರ್ಚೀಪನ್ನು ನೋಡಿದ, ಅದನ್ನು ಹಿಡಿದಿದ್ದ ಕೈಯನ್ನು ನೋಡಿದ. ಆಮೇಲೆ ಅವಳ ಮುಖ ನೋಡಿದ.

"ರಿಸಲ್ಟಿನ ಹಿಂದಿನ ದಿನ. ಪಂಕ್ಚರ್ ಅಂಗಡ್ಯಾಗ ನಿಂತಿದ್ದೆ, ಲಾರಿ ಟೈರಿಗಿ ಗಾಳಿ ಹಾಕುವಾಗ ರಿಂಗ್ ಸಿಡೀತು. ಒಂದು ಚೂರು ಬಂದು ಬಡೀತು. ಹುಬ್ಬಳ್ಳ್ಯಾಗ ಮೂರು ತಿಂಗ್ಳು ಇಟ್ಟರು. ಕಣ್ಣು ಉಳೀತು, ನೋಟ ಉಳಿಲಿಲ್ಲ."

"ಒಂದು ಮಾತು ಹೇಳಿ ಕಳಸಾಕ ಬರ್ತಿದ್ದಿಲ್ಲೇನು?"

"ಏನಂತ ಹೇಳ್ಲಿ? ಒಂದು ಕಣ್ಣಿನವಗ ಬಸ್ಸಿನ ಲೈಸೆನ್ಸ್ ಕೊಡೂದಿಲ್ಲ. ಬಸ್ ಓಡಿಸ್ತೀನಿ ಅಂತ ಮಾತು ಕೊಟ್ಟಾಂವ ಮೈಕಿನಾಗ ಮಂದಿ ಬಸ್ಸು ಕೂಗಾಕತ್ತೀನಿ." ಅವನು ಸ್ಟೇರಿಂಗಿನ ಮೇಲಿನ ಧೂಳು ಒರೆಸಿದ, ಇರದಿದ್ದ ಧೂಳು. "ಈ ಊರಿಗಿ ಬದಲಿ ಕೇಳಿ ಹಾಕಿಸ್ಕೊಂಡು ಬಂದೆ. ನಿನ್ನ ಬೋರ್ಡು ನೋಡಿ. ಮೂರು ವಾರ ಬೋರ್ಡು ನೋಡ್ಕೋತ ನಿಂತೆ, ಆಮ್ಯಾಲೆ ಮಾನಿಟರ್ ನೆಪ ಸಿಕ್ತು."

"ಮತ್ತ ಎಡಗಡಿ ಉಪಯೋಗಿಲ್ಲ ಅಂದಿ."

"ಎಡಕ್ಕೊಂದು ಪರದಿ ಇಟ್ರ, ಅದನ್ನ ನೋಡಾಕ ನಾನು ಕತ್ತು ಪೂರಾ ತಿರುಗಿಸಬೇಕು. ಕತ್ತು ತಿರುಗಿಸಿದ್ರ ಮುಂದಿನ ರಸ್ತಿ ಹೋತು. ಕಟ್ಟುವಾಗ ಒಂದೊಂದು ಕಡೆ ಹೊಳ್ಳಿಸಿ ನೋಡಿ ಕಟ್ಟೀನಿ. ಓಡಿಸುವಾಗ ಆ ಸೀಟು ನನಗ ಒಮ್ಮಿನೂ ಕಂಡಿಲ್ಲ ಗಂಗಾ." ಅವನು ನಗಲು ನೋಡಿದ. "ಅದಕ್ಕ ಒಂದ ಸಾಕು ಅಂದೆ. ಖಾಲಿ ಸೀಟು ಕಾಣಲಾರದ್ದ ಚೊಲೊ ಅಂತ."

ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಂತು ಬಹಳ ಹೊತ್ತಾಗಿತ್ತು. ಇಬ್ಬರಿಗೂ ಅದು ಗೊತ್ತಾಯಿತು. ಮತ್ತೆ ಸದ್ದು ಶುರುವಾಯಿತು, ಬೇಕೆಂದೇ ತುಸು ಜೋರಾಗಿ.

ಗಂಗಾಂಬಿಕಾ ಕಣ್ಣನ್ನು ಅದೇ ಕರ್ಚೀಪಿನಿಂದ ಒರೆಸಿಕೊಂಡಳು. ಸಿಟ್ಟು ಬಂದಿತ್ತು. ಹದಿಮೂರು ವರ್ಷದ ಸಿಟ್ಟು. ಅದನ್ನು ಎಲ್ಲಿಂದ ಶುರು ಮಾಡಬೇಕು ತಿಳಿಯದೆ ಅವಳು ಅವನ ತೋಳಿಗೆ ಒಂದೇಟು ಕೊಟ್ಟಳು. ಆಮೇಲೆ ಎದ್ದು ಮಾನಿಟರುಗಳ ಕೇಬಲ್ ಬಿಚ್ಚತೊಡಗಿದಳು.

ಅವನು ಅರ್ಧ ಎದ್ದ. "ಹೊಂಟೇನು?"

"ಸುಮ್ಕ ಕುಂದ್ರು. ಕೆಲ್ಸ ಮಾಡಾಕತ್ತೀನಿ."

ನಡುವಿನದನ್ನೂ ಬಲಗಡೆಯದನ್ನೂ ತೆಗೆದು ಬದಿಗಿಟ್ಟಳು. ದೊಡ್ಡ ಡಬ್ಬಿ ಒಡೆದು ಬಾಗಿದ ಮಾನಿಟರನ್ನು ಅವನ ಎದುರಿಗೆ, ಅವನ ಬಲಗಣ್ಣಿಗೆ ಒಪ್ಪುವಂತೆ ನಾಲ್ಕು ಬೆರಳು ಬಲಕ್ಕೆ ಸರಿಸಿ ನಿಲ್ಲಿಸಿದಳು. ರಸ್ತೆಯೂ ಡ್ರೈವರ್ ಕಿಟಕಿಯೂ ಅದರೊಳಗೇ ಬಂದವು. ಎಡಗಡೆಯ ಚಿಕ್ಕದನ್ನು ಮಾತ್ರ ತೆಗೆಯಲಿಲ್ಲ. ಅದನ್ನು ಅವನ ಕಡೆಯಿಂದ ತಿರುಗಿಸಿ ತನ್ನ ಸ್ಟೂಲಿನ ಕಡೆಗೆ ಮುಖ ಮಾಡಿಸಿದಳು.

"ಇದೇನಿದು?" ಅವನು ಕೇಳಿದ.

"ಲಾರಿಯಾಗ ಎಡಗಡಿ ಯಾರು ನೋಡ್ತಾರ?"

"ಕ್ಲೀನರ್."

"ಡ್ರೈವರ್ ಅಲ್ಲಲ್ಲ? ದೊಡ್ಡದು ನಿನಗ. ಇದು ನನಗ." ಅವಳು ಸ್ಟೂಲಿನ ಮೇಲೆ ನೆಟ್ಟಗೆ ಕೂತು ಸೆರಗು ಸರಿಮಾಡಿಕೊಂಡಳು. "ಎಡಗಡಿ ನಾನು ಹೇಳ್ತೀನಿ. ಓಡಿಸಾಕ ಬರತೈತಿಲ್ಲೋ?"

ಅವನು ಕೈ ಚಾಚಿ ಕೀಬೋರ್ಡಿನಲ್ಲಿ ಏನೋ ಒತ್ತಿದ. ಅವಳ ಪರದೆಯಲ್ಲಿ ಸೀಟಿನ ಮೇಲಿದ್ದ ಹಳದಿ ಕರ್ಚೀಪು ಮಾಯವಾಯಿತು.

"ಯಾಕ ತಗದಿ?"

"ಸೀಟಿನಾಕಿ ಬಂದ ಮ್ಯಾಲೆ ಕರ್ಚೀಪು ಯಾಕ ಬೇಕು?"

ಅವಳು ಬೇಗ ಪರದೆಯ ಕಡೆ ಮುಖ ತಿರುಗಿಸಿದಳು. ಈಗ ಕಿವಿ ಕೆಂಪಾದದ್ದು ಅವಳದು. ಅದು ಅವನಿಗೆ ಕಾಣಿಸುವುದಿಲ್ಲ ಎಂದು ಸಮಾಧಾನಪಟ್ಟುಕೊಳ್ಳುವಷ್ಟರಲ್ಲಿ ಅವನು ಪೂರ್ತಿ ಕತ್ತು ತಿರುಗಿಸಿ ನೋಡುತ್ತಿದ್ದ.

"ಮುಂದ ನೋಡು!"

"ಬಸ್ ನಿಂತೈತಿ."

"ನಿಂತಿದ್ರೂ ಮುಂದ ನೋಡು. ಹೂಂ, ರೈಟ್!"

ಬಸ್ಸು ಹೊರಟಿತು. ಹಣ್ಣಿನ ಗಾಡಿ ಬಂತು. "ಹೋಲ್ಡಾನ್, ಹೋಲ್ಡಾನ್. ಇನ್ನೊಂಚೂರು ಬಲಕ್ಕ ಹಿಡಿ... ಬರ್ಲಿ, ಬರ್ಲಿ... ರೈಟ್." ಗಾಡಿ ಒಂದು ಬಾಳೆಹಣ್ಣೂ ಅಲುಗದಂತೆ ಹಿಂದಕ್ಕೆ ಸರಿಯಿತು. ಅಡುಗೆಮನೆಯಿಂದ ದಾಕ್ಷಾಯಣಮ್ಮ ನಕ್ಕದ್ದು ಕೇಳಿಸಿತು.

ಊರು ದಾಟಿತು. ಮಲ್ಲಿಗೆ ತೋಟಗಳು ಅವಳ ಕಿಟಕಿಗೆ ಬಂದವು, ಒಂದರ ಹಿಂದೊಂದು. ಬಿಳಿ ಹೂವಿನ ಚುಕ್ಕೆಗಳನ್ನು ಅವನು ಒಂದೊಂದಾಗಿ ಇಟ್ಟಿದ್ದ. ಅವನಿಗೆ ಕಾಣದ ಕಡೆಗೇ ಹೆಚ್ಚು ಇಟ್ಟಿದ್ದ. ಅವಳು ನೋಡಿದ್ದನ್ನೆಲ್ಲ ಅವನಿಗೆ ಹೇಳುತ್ತ ಹೋದಳು. ಬೇವಿನ ಗಿಡ ಬಂತು. ಕುರಿ ಬಂದವು, ನಿಧಾನ. ಬಾವಿ ಕಟ್ಟೆಯ ಮೇಲೆ ಯಾರೋ ಕೂತಾರ. ಇಲ್ಲಿ ತಗ್ಗೈತಿ. ಅವನು "ಹೂಂ, ಹೂಂ" ಅನ್ನುತ್ತ ಓಡಿಸಿದ. ತಾನು ಕಟ್ಟಿದ ರಸ್ತೆಯನ್ನು ಮೊದಲ ಸಲ ಕೇಳುತ್ತಿರುವವನಂತೆ ಅವನ ಮುಖ ಬಿಚ್ಚಿಕೊಳ್ಳುತ್ತಿತ್ತು.

ಹಗರಿಯ ಸೇತುವೆಯ ಮೇಲೆ ಅವಳು ಸುಮ್ಮನಾದಳು.

"ಏನಾತು? ಎಡಗಡಿ ಏನೈತಿ?"

"ಏನಿಲ್ಲ. ನೀರೈತಿ. ಬಿಸ್ಲು ಬಿದ್ದೈತಿ." ಕೊಂಚ ತಡೆದು ಕೇಳಿದಳು: "ಅವತ್ತು ಒಂದು ಮಾತು ಕೇಳಿದ್ದೆ. ಉತ್ತರ ಕೊಡಲಿಲ್ಲ ನೀನು. ಎಷ್ಟು ದಿನದ ಪಾಸು?"

ಸೇತುವೆ ಮುಗಿಯಿತು. ಗೇರು ಬದಲಿಸಬೇಕಾದ ಅವನ ಎಡಗೈ ಗೇರಿನ ಮೇಲೆ ಇರಲಿಲ್ಲ. ಅದು ಕಾಣದ ಕಡೆ ತಡವರಿಸುತ್ತ ಬಂದು, ಅವಳ ಬಳೆಯನ್ನು ಮುಟ್ಟಿ, ಅಲ್ಲಿಂದ ಬೆರಳನ್ನು ಹುಡುಕಿಕೊಂಡಿತು.

"ನಮ್ಮವ್ವ ನಾಳೆ ನಿಮ್ಮ ಮನಿಗಿ ಬಂದು ನಿಮ್ಮಪ್ಪನ್ನ ಕೇಳ್ತಾಳ," ಅಂದ. "ಆಮ್ಯಾಲೆ ರಿನ್ಯೂ ಮಾಡ್ಸೂದು ಇರಂಗಿಲ್ಲ."

"ನಾಳೆ ಯಾಕ," ಅಡುಗೆಮನೆಯಿಂದ ದನಿ ಬಂತು, "ಇವತ್ತ ಸಂಜಿಗಿ ಬರ್ತೀನಿ. ಬಸ್ ಎಷ್ಟೊತ್ತಿಗೈತಿ ಅಂತ ನೀನ ಹೇಳಪ್ಪ ಕಂಟ್ರೋಲರ್ರ."

ಗಂಗಾಂಬಿಕಾ ನಗುತ್ತ ಹಣೆಯನ್ನು ಅವನ ಭುಜಕ್ಕೆ ತಾಗಿಸಿದಳು. ಮರುಕ್ಷಣವೇ ತಲೆ ಎತ್ತಿದಳು, ಎಡಗಡೆಯಿಂದ ಕಣ್ಣು ತೆಗೆಯುವ ಹಾಗಿರಲಿಲ್ಲ. ಕೊಟ್ಟೂರು ಬಂತು. ಕಾಲೇಜಿನ ಗೇಟು ಅವಳ ಕಿಟಕಿಯಲ್ಲಿ ಮೂಡಿ ದಾಟಿತು. ಆಮೇಲೆ ಕುರುಚಲು ಗುಡ್ಡಗಳು ಎದ್ದವು, ಜೋಳದ ಹೊಲಗಳು ಹಬ್ಬಿದವು, ಗೇಮಿನ ಬಿಸಿಲು ಕೆಂಪಾಗುತ್ತ ಹೋಯಿತು. ಹೊರಗೆ ನಿಜವಾದ ಮಧ್ಯಾಹ್ನ ಉರಿಯುತ್ತಿತ್ತು. ಒಳಗೆ ಇಬ್ಬರ ಮುಖದ ಮೇಲೂ ಸಂಜೆ ಇತ್ತು.

"ಎಡಕ್ಕ ಖಾಲಿ ಐತಿ, ಒಳಗ ತಗೋ. ಬರ್ಲಿ... ಬರ್ಲಿ... ಹೋಲ್ಡಾನ್."

ಬಸ್ಸು ನಿಂತಿತು.

ಹಡಗಲಿ ಬಸ್‌ಸ್ಟ್ಯಾಂಡಿನಿಂದ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ ತನಕ ಕೊಟ್ರಸ್ವಾಮಿ ಬಸ್ ಓಡಿಸಿದ. ಗಂಗಾಂಬಿಕಾ ಎಡಗಡೆಯ ಮೊದಲನೇ ಕಿಟಕಿ ಸೀಟಿನಲ್ಲಿ ಕೂತಿದ್ದಳು.